ಹಳೆ ಎಳೆಗೆ ಹೊಸ ಎಳೆ ಕೆಚ್ಚುತ್ತ

ನೇಯ್ಗೆ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ: "ಅಜ್ಜಿ, ನೀವು ಎಂಥೆಂಥಾ ಸೀರಿ ನೇಯ್ದೀರಿ?" ನಾನು ಒಂದು ಸೀರೆಯನ್ನೂ ನೇಯ್ದವಳಲ್ಲ. ಹಾಗೆಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಮುದುಕಿ ಬಿಗುಮಾನ ಮಾಡುತ್ತಾಳೆ ಅಂದುಕೊಳ್ಳುತ್ತಾರೆ. ಲಾಳಿ ಹಿಡಿದವರ ಹೆಸರಾದರೂ ನಾಲ್ಕು ಊರಿಗೆ ಗೊತ್ತಿರುತ್ತಿತ್ತು. ನನ್ನದು ಕೆಚ್ಚುವ ಕೆಲಸ. ಬಟ್ಟೆ ಯಾರದೋ ಮೈಮೇಲೆ ಬರುವ ಹೊತ್ತಿಗೆ ನನ್ನ ಕೆಲಸದ ಗುರುತು ಅದರಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ. ಇದನ್ನು ಹೊಗಳಿಕೊಳ್ಳಲು ಬರೆಯುತ್ತಿಲ್ಲ. ಕೆಲಸ ಹೇಗಿತ್ತು ಎಂದು ಹುಡುಗಿಯರಿಗೆ ತಿಳಿಯಲಿ, ಅಷ್ಟೆ.

ಕೆಚ್ಚುವುದು ಎಂದರೇನೆಂದು ಮೊದಲು ಹೇಳಿಬಿಡುತ್ತೇನೆ. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಾಸು ಎನ್ನುತ್ತೇವೆ, ಲಾಳಿಯ ಜೊತೆ ಅಡ್ಡ ಓಡುವುದಕ್ಕೆ ಹೊಕ್ಕು. ಹಾಸಿನ ಪ್ರತಿ ಎಳೆಯೂ ಬಾಚಣಿಕೆಯಂಥ ಹಣಿಗೆಯ ಸಂದಿನಲ್ಲಿ ಹಾದು ಬರಬೇಕು. ಒಂದು ಹಾಸು ನೇಯ್ದು ಮುಗಿದಾಗ ನೇಕಾರ ಅದನ್ನು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಹಣಿಗೆಯಲ್ಲಿ ಒಂದು ಮೊಳದಷ್ಟು ಹಳೆ ಎಳೆಗಳನ್ನು ಹಾಗೆಯೇ ಬಿಟ್ಟು ಬಟ್ಟೆ ಕತ್ತರಿಸುತ್ತಾನೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಹಣಿಗೆ ದಾಟುವುದಿಲ್ಲ. ಎಲ್ಲ ಕೂಡಿಸಿ ಮೆಲ್ಲಗೆ ಎಳೆದರೆ ಹಳೆಯದರ ಬೆನ್ನು ಹಿಡಿದು ಹೊಸದು ಹಣಿಗೆ ದಾಟಿ ಈಚೆ ಬರುತ್ತದೆ.

ಹೀಗೆ ಮಾಡುವುದರಿಂದ ಹಣಿಗೆಗೆ ಮತ್ತೆ ಪೋಣಿಸುವ ಶ್ರಮ ಉಳಿಯುತ್ತದೆ, ನಿಜ. ಆದರೆ ನಮ್ಮ ಸೇಡಂನ ನೇಕಾರ ಓಣಿಯಲ್ಲಿ ಅದು ಬರೀ ಕೆಲಸದ ಮಾತಾಗಿರಲಿಲ್ಲ. ಮಗ್ಗ ಬರಿದಾಗಬಾರದು ಎನ್ನುವುದು ಒಂದು ಕಟ್ಟಳೆ. ಅಪ್ಪ ಬಿಟ್ಟ ತುದಿಗೆ ಮಗನ ಹಾಸು, ಮಗ ಬಿಟ್ಟದ್ದಕ್ಕೆ ಮೊಮ್ಮಗನದು. "ನಮ್ಮ ಮಗ್ಗದಾಗ ಮುತ್ಯಾನ ಎಳಿ ಅದ" ಎಂದು ಎದೆ ತಟ್ಟಿಕೊಳ್ಳುವವರು ಮನೆಗೊಬ್ಬರಿದ್ದರು. ಮುತ್ಯಾನ, ಅಂದರೆ ಅಜ್ಜನ, ಎಳೆ ಎಲ್ಲಿಂದ ಬರಬೇಕು, ಅದು ಯಾವ ಕಾಲಕ್ಕೋ ಯಾರದೋ ಸೊಂಟದಲ್ಲಿ ಹರಿದು ಚಿಂದಿಯಾಗಿರುತ್ತದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಬಾಯಿಬಿಟ್ಟು ಅಂದಿದ್ದರೆ ಮರುದಿನ ನನ್ನನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದವಳು ನನ್ನ ಅತ್ತೆ ಸಂಗಮ್ಮ. ಸರ್ಕಾರಿ ನೌಕರಿಯವರು ಮೇಲಧಿಕಾರಿಗಳ ಕಾಟ ಹೇಳಿಕೊಳ್ಳುತ್ತಾರಲ್ಲ, ಅವರೆಲ್ಲ ಒಂದು ದಿನ ನಮ್ಮ ಅತ್ತೆಯ ಕೈಕೆಳಗೆ ಕೂತಿದ್ದರೆ ಸಾಕಿತ್ತು. ಮದುವೆಯಾಗಿ ಬಂದ ಹೊಸದರಲ್ಲೇ ಗಂಡ ಜ್ವರದಿಂದ ತೀರಿಹೋದ. ಅತ್ತೆ ನನ್ನನ್ನು ತವರಿಗೆ ಅಟ್ಟಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಕೆಚ್ಚಿದ್ದನ್ನು ಎಲ್ಲರೆದುರು ಎಳೆದು ನೋಡುತ್ತಿದ್ದಳು. ಬಿಚ್ಚಿಕೊಂಡರೆ, "ಇದು ಎಳಿ ಕೂಡಿಸಿದ್ದೋ, ನೆಂಟರ ಮನ್ಯಾಗ ಕೈ ಕುಲುಕಿದ್ದೋ?" ಎನ್ನುತ್ತಿದ್ದಳು. ಹೆಂಗಸರು ನಗುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು. ಆದರೂ ಹೇಳಬೇಕಾದ ಮಾತು ಹೇಳುತ್ತೇನೆ: ಆಕೆ ನನ್ನನ್ನು ಎಂದೂ ಉಪವಾಸ ಮಲಗಿಸಲಿಲ್ಲ.

ಇಬ್ಬರೂ ಎತ್ತಿನ ಗಾಡಿಯಲ್ಲಿ ಮುಧೋಳಕ್ಕೆ, ಸುಲೇಪೇಟಕ್ಕೆ, ಒಮ್ಮೊಮ್ಮೆ ಚಿಂಚೋಳಿಯ ತನಕ ಹೋಗುತ್ತಿದ್ದೆವು. ಚಿತ್ತಾಪುರಕ್ಕೆ ರೈಲು. ಮುಧೋಳದ ಒಂದು ಮನೆಯಲ್ಲಿ ಅಣ್ಣ ತಮ್ಮ ಬೇರೆಯಾದರು. ಹೊಲ ಪಾಲಾಯಿತು, ಎತ್ತು ಪಾಲಾದವು, ಮಗ್ಗದ ಹತ್ತಿರ ಬಂದು ಜಗಳ ನಿಂತಿತು. ಹಣಿಗೆಯಲ್ಲಿ ಅಪ್ಪನ ತುದಿ ಇದೆ, ಇಬ್ಬರಿಗೂ ಅದೇ ಬೇಕು. ಊರ ಹಿರಿಯರು ಎರಡು ದಿನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಅಗಿದರು. ನಮ್ಮ ಅತ್ತೆ ಒಂದು ಉದ್ದ ಹಾಸು ತರಿಸಿದಳು. ಅದರ ಒಂದು ತುದಿಯನ್ನು ಅಪ್ಪನ ಎಳೆಗಳಿಗೆ ಕೆಚ್ಚಿದಳು. ಇನ್ನೊಂದು ತುದಿಯನ್ನು ತಮ್ಮನ ಹೊಸ ಹಣಿಗೆಗೆ ಪೋಣಿಸಿದಳು. ಆಮೇಲೆ ನಡುವೆ ಕತ್ತರಿಸಿ, "ಹೋಗ್ರಿ, ಇಬ್ಬರಿಗೂ ಅಪ್ಪ ಸಿಕ್ಕ" ಅಂದಳು. ಅಣ್ಣತಮ್ಮಂದಿರು ಆಮೇಲೂ ಮಾತಾಡಲಿಲ್ಲವೆಂದು ಕೇಳಿದೆ. ಆದರೆ ಇಬ್ಬರ ಮಗ್ಗಗಳೂ ನಡೆದವು.

ಇನ್ನೊಂದು ಸಲ ಹೈದರಾಬಾದಿನಿಂದ ಒಬ್ಬ ಸಾಹೇಬರು ಬಂದರು. ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿಯನ್ನು ಓಣಿಯವರಿಗೆ ತೋರಿಸಲು ಬಂದವರು. ಮನುಷ್ಯ ಒಳ್ಳೆಯವರು, ಲಾಳಿಯೂ ಒಳ್ಳೆಯದೇ. ಅದರಿಂದ ಕೆಲಸ ಹಗುರವಾಯಿತು. ಆದರೆ ಅದನ್ನು ಕೂರಿಸುವ ಅವಸರದಲ್ಲಿ ಅವರು ಮೊದಲ ಮನೆಯ ಹಳೆ ತುದಿಯನ್ನು ಕರಕರನೆ ಕತ್ತರಿಸಿ ಹಣಿಗೆ ಹೊರಗೆ ತೆಗೆದುಬಿಟ್ಟರು. ಮನೆಯ ಮುದುಕ ಅಂಗಳಕ್ಕೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ, ಸತ್ತ ಮನೆಯಲ್ಲಿ ಮಾಡುವಂತೆ. ಸಾಹೇಬರು ಗಾಬರಿಯಾದರು. "ಅರೇ ಬಾಬಾ, ಧಾಗಾ ಹೈ, ಆದ್ಮಿ ನಹೀ" ಎಂದರು, ಇದು ನೂಲು, ಮನುಷ್ಯನಲ್ಲ ಎಂದು. ಎರಡನೆಯ ಮನೆಯಲ್ಲಿ ಅವರು ಕತ್ತರಿ ಕೆಳಗಿಟ್ಟು, ಬಾಗಿಲಲ್ಲೇ ನಿಂತು, "ಏನ್ ಮಾಡ್ಬೇಕು ಹೇಳ್ರಿ, ಹಂಗೇ ಮಾಡೋಣ" ಎಂದು ತಮಗೆ ಬಂದಷ್ಟು ಕನ್ನಡದಲ್ಲಿ ಕೇಳಿದರು. ಅಂಥ ಅಧಿಕಾರಿಯನ್ನು ನಾನು ಆಮೇಲೆ ಕಾಣಲಿಲ್ಲ.

ನಮ್ಮ ಕಾಲದಲ್ಲಿ ಬದಲಾದದ್ದು ಲಾಳಿಗಿಂತ ನೂಲು. ಮೊದಲು ಸುತ್ತಿನ ಹಳ್ಳಿಗಳ ಹೆಂಗಸರು ರಾಟೆಯಲ್ಲಿ ತೆಗೆದ ಒರಟು ನೂಲು ಬರುತ್ತಿತ್ತು. ಅದು ಹಿಡಿದರೆ ಬಿಡುತ್ತಿರಲಿಲ್ಲ. ಆಮೇಲೆ ಗಿರಣಿಯ ನೂಲು ಬಂತು, ನುಣ್ಣಗೆ, ಜಾರುಗುಣದ್ದು. ಬೂದಿ ಹೆಚ್ಚು ಬೇಕು, ಬೆರಳು ಹೆಚ್ಚು ಬಿಗಿಯಬೇಕು. ಗಿರಣಿಯ ನೂಲಿನ ಹಿಂದೆಯೇ ಗಿರಣಿಯ ಬಟ್ಟೆಯೂ ರೈಲಿನಲ್ಲಿ ವಾಡಿಗೆ ಬಂದಿಳಿಯಿತು. ನಮ್ಮ ಓಣಿಯ ಗಂಡಸರು ಒಬ್ಬೊಬ್ಬರಾಗಿ ಶಹಾಬಾದಿನ ಕಲ್ಲುಗಣಿಗೆ, ಸಿಮೆಂಟ್ ಕಾರ್ಖಾನೆಗೆ ಹೋಗತೊಡಗಿದರು. ಹೋಗುವಾಗ ಹಣಿಗೆಯನ್ನು ತುದಿಯ ಸಮೇತ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಿದ್ದರು. ತಿರುಗಿ ಬಂದಾಗ ಬೇಕಲ್ಲ ಎಂದು. ಅತ್ತೆ ತೀರಿಕೊಂಡ ವರ್ಷ ನಾನು ಎಷ್ಟು ಮನೆಗಳಲ್ಲಿ ಕೆಚ್ಚಿದೆನೋ, ಅಷ್ಟೇ ಮನೆಗಳ ಜಂತಿಯಲ್ಲಿ ಹಣಿಗೆಯ ಗಂಟುಗಳು ತೂಗುತ್ತಿದ್ದವು.

ಆಮೇಲೆ ಯುದ್ಧ ಬಂತು. ಯುದ್ಧ ಎಲ್ಲಿಯದೋ, ನೂಲು ಇಲ್ಲವಾದದ್ದು ನಮ್ಮ ಓಣಿಯಲ್ಲಿ. ಚೀಟಿ ತೋರಿಸಿದರೆ ಕೊಡುತ್ತಾರೆ ಎಂದರು. ಚೀಟಿಯೂ ಸಿಕ್ಕಿತು, ನೂಲು ಮಾತ್ರ ಬರಲಿಲ್ಲ. ಯುದ್ಧ ಮುಗಿಯಿತು ಎಂದು ಹೇಳಿದ ಮೇಲೂ ಬರಲಿಲ್ಲ. ನಾನು ಮಲ್ಲಣ್ಣನ ಮನೆಯ ಸಂಗತಿ ಬರೆಯಬೇಕೆಂದೇ ಇಷ್ಟು ಬರೆದದ್ದು.

ಮಲ್ಲಣ್ಣ ಓಣಿಯ ತುದಿಯ ಮನೆಯ ನೇಕಾರ. ಕೈ ಭಾಳ ಚುರುಕು. ಅವನ ಲಾಳಿಯ ಸದ್ದು ಕೇಳಿ ಬೀದಿಯಲ್ಲಿ ಹೋಗುವವರೂ ಹೆಜ್ಜೆ ಬೇಗ ಹಾಕುತ್ತಿದ್ದರು. ಹೆಂಡತಿ ಗುರಮ್ಮ ನನಗೆ ಅಕ್ಕನ ಹಾಗೆ. ಒಬ್ಬನೇ ಮಗ ಶರಣಪ್ಪ. ನೂಲು ನಿಂತ ಮೇಲೆ ಅವನೂ ಶಹಾಬಾದಿನ ಕಲ್ಲುಗಣಿ ಸೇರಿದ. ಅಪ್ಪ ಮಾತ್ರ ಮಗ್ಗದ ಕುಣಿ ಬಿಟ್ಟು ಏಳಲಿಲ್ಲ. ಹಣಿಗೆಯನ್ನು ಸುತ್ತಿ ಜಂತಿಗೆ ಕಟ್ಟಲೂ ಇಲ್ಲ. "ಕಟ್ಟಿದರ ಮುಗೀತು. ಮಗ ಬಂದಾಗ ಮಗ್ಗ ನಡೀತಿರಬೇಕು" ಎನ್ನುತ್ತಿದ್ದ. ಕಾಲು ಕುಣಿಯಲ್ಲಿ ಇಳಿಬಿಟ್ಟು, ಬರೀ ತುದಿಗಳನ್ನು ಎದುರಿಗಿಟ್ಟುಕೊಂಡು ದಿನವೆಲ್ಲ ಕೂರುತ್ತಿದ್ದ. ಗುರಮ್ಮ ತೊಗರಿ ಹೊಲದ ಕೂಲಿಗೆ ಹೋಗಿ ಜೋಳ ತರುತ್ತಿದ್ದಳು.

ಒಂದು ದಿನ ಆಕೆ ನನ್ನ ಮನೆಗೆ ಬಂದಳು. ಬಗಲಲ್ಲಿ ಒಂದು ಗಂಟು.

"ನೀಲಮ್ಮಾ, ಗಂಜಿ ವಾಸನಿಗೆ ಇಲಿ ಬರ್ಲಿಕತ್ತಾವ. ದಿನಾ ನಾಕಾರು ಎಳಿ ತಿಂದ್ ಹಾಕ್ತಾವ. ಆತ ಕೋಲು ಹಿಡದು ಕುಂತಾನ, ಊಟಕ್ಕೂ ಏಳವಲ್ಲ."

ಹಾಸಿನ ನೂಲಿಗೆ ಹಚ್ಚಿದ ಜೋಳದ ಗಂಜಿ ಇಲಿಗೆ ಪ್ರೀತಿ. ತುದಿಯ ಎಳೆ ಹೋದಷ್ಟೂ ಹಣಿಗೆಯಲ್ಲಿ ಸಂದು ಬೀಳುತ್ತದೆ, ಎಲ್ಲ ಹೋದರೆ ಕೆಚ್ಚಲು ಏನೂ ಉಳಿಯುವುದಿಲ್ಲ. ಅದಕ್ಕೆ ಮೊದಲೇ ಹೊಸ ಹಾಸು ಕೆಚ್ಚಿಕೊಡು ಎಂದು ಕೇಳಲು ಆಕೆ ಬಂದದ್ದು. "ನೂಲ ಎಲ್ಲಿಂದ ತರಲೆಕ್ಕಾ?" ಎಂದೆ. ಆಕೆ ಗಂಟು ಬಿಚ್ಚಿದಳು. ಕೆಂಪು ಸೀರೆ. ಮದುವೆಯಲ್ಲಿ ಆಕೆಯ ಮಾವ ಅದೇ ಮಗ್ಗದಲ್ಲಿ ನೇಯ್ದು ಉಡಿಸಿದ್ದು.

"ಹೊಕ್ಕು ಉಚ್ಚಿದರ ಹಾಸು ಹಂಗೇ ಉಳೀತದಲ್ಲ. ಅದೇ ಮಗ್ಗದ್ದು, ಅದೇ ಹಣಗಿದ್ದು. ಎಳಿಗಿ ಎಳಿ ಸರಿ ಹೋಗ್ತದ."

ನೇಕಾರರ ಮನೆಯವರಲ್ಲದೆ ಬೇರೆ ಯಾರಿಗೂ ಇಂಥ ಯೋಚನೆ ಬರಲಾರದು. ಹುಚ್ಚು ಎಂದೆ. ಉಟ್ಟು ತೊಳೆದ ನೂಲು ಹಿಂಜಿಹೋಗಿರುತ್ತದೆ ಎಂದೆ. ಆಕೆ ಜಗಳ ಮಾಡಲಿಲ್ಲ, ಸೀರೆಯ ಒಂದು ಅಂಚು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದು ಕೂತಳು. ಅವರ ಮನೆಯ ಪಡಸಾಲೆಯಲ್ಲಿ ಕೂತು ಇಬ್ಬರೂ ಹೊಕ್ಕಿನ ನೂಲನ್ನು ಒಂದೊಂದಾಗಿ ಉಚ್ಚಿ, ಅಂದರೆ ಎಳೆದು ಬಿಡಿಸಿ, ಲಾಳಿಯ ಕಂಡಿಕೆಗೆ ಸುತ್ತಿದೆವು. ಎಷ್ಟೋ ದಿನ ಹಿಡಿಯಿತು. ಸೀರೆ ಹೋಗುತ್ತ ಹೋಗುತ್ತ ಬರೀ ಕೆಂಪು ಎಳೆಗಳ ಕಟ್ಟಾಯಿತು. ಮಲ್ಲಣ್ಣ ನಮ್ಮತ್ತ ತಿರುಗಿ ನೋಡಲಿಲ್ಲ. ನೋಡಲಾರದೆ ಹೋದ ಎಂದರೆ ಸರಿ.

ಕೆಚ್ಚಲು ಕೂತ ದಿನ ನಾನು ಎಂದಿನಂತೆ, "ಅಕ್ಕಾ, ಒಲಿಯಾಗಿನ ಬೂದಿ ಒಂದೀಟು ಕೊಡು" ಎಂದೆ. ಆಕೆ ಸೆರಗಿನಿಂದ ಹಣಿಗೆ ಒರೆಸತೊಡಗಿದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಒಲೆ ಸಾರಿಸಿ ಸ್ವಚ್ಛ ಇಟ್ಟಿತ್ತು, ಬೂದಿ ಇರಲಿಲ್ಲ. ಒಲೆ ಉರಿದು ಎರಡು ದಿನವೋ ಮೂರು ದಿನವೋ ಆಗಿರಬೇಕು. ಮಲ್ಲಣ್ಣನೇ ದೇವರ ಗೂಡಿನಿಂದ ವಿಭೂತಿ ತಂದು ನನ್ನ ಮುಂದಿಟ್ಟ.

"ಇದೂ ಬೂದಿನೇ ತಂಗಿ. ದೇವರು ಏನೂ ಅನ್ನಂಗಿಲ್ಲ."

ಅವನು ನಗಲು ನೋಡಿದ. ಮೊದಲು ನನ್ನ ಮನೆಗೆ ಹೋಗಿ ರೊಟ್ಟಿ ತಂದುಕೊಟ್ಟು, ಅವರು ಉಂಡ ಮೇಲೆ ವಿಭೂತಿ ಹಚ್ಚಿದ ಬೆರಳಿನಿಂದ ಕೆಚ್ಚಿದೆ. ಇಲಿ ತಿಂದ ಕಡೆ ತುಂಡು ನೂಲು ಸೇರಿಸಿದೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಲಿಲ್ಲ. ಹೊಸೆದರೆ ಹಳೆ ನೂಲು ಪುಡಿಯಾಗುತ್ತಿತ್ತು. ಸಂಜೆ ಹಾಸು ಹಣಿಗೆ ದಾಟಿತು.

ಆಮೇಲಿನದು ನೋಡಲು ಆಗುತ್ತಿರಲಿಲ್ಲ. ಓಣಿಗೇ ಚುರುಕಾದ ನೇಕಾರ ಈಗ ದಿನಕ್ಕೆ ಒಂದು ಬೆರಳಗಲ ಮಾತ್ರ ನೇಯುತ್ತಿದ್ದ. ಬೇಗ ನೇಯ್ದರೆ ಹಾಸು ಮುಗಿಯುತ್ತದೆ, ಮುಗಿದರೆ ಮತ್ತೆ ಬರೀ ತುದಿ, ಮತ್ತೆ ಇಲಿ. ಬೆಳಗ್ಗೆ ಕೂತು ಸ್ವಲ್ಪ ಹೊತ್ತು ಲಾಳಿ ಒಗೆದು ನಿಲ್ಲಿಸುತ್ತಿದ್ದ. ಉಳಿದ ಹೊತ್ತೆಲ್ಲ ಬಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಿದ್ದ. ನೂಲಿನ ಸುದ್ದಿ ಬಂತೇ ಎಂದು ಹೋಗಿಬರುವವರನ್ನೆಲ್ಲ ಕೇಳುತ್ತಿದ್ದ. ಗುರಮ್ಮ ಒಮ್ಮೆ ನನ್ನ ಬಳಿ, "ನನ್ನ ಸೀರಿ ನನಗ ಯಾವಾಗ ಕೊಡ್ತಾನಂತ ಕೇಳೇ" ಎಂದು ಚೇಷ್ಟೆ ಮಾಡಿದಳು. ಕೇಳಿದೆ. "ಶರಣಪ್ಪನ ಕೈಲೆ ಮುಗಸಸ್ತೀನಿ" ಎಂದ.

ನಿಜಾಮರ ರಾಜ್ಯದ ಕೊನೆಯ ವರ್ಷ, ಊರೂರಲ್ಲಿ ಗದ್ದಲ. ಜನ ರಾತ್ರೋರಾತ್ರಿ ಗಡಿಯಾಚೆ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ರೈಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಣಿಯಲ್ಲಿ ನಾವು ಕೆಲವೇ ಮನೆ ಉಳಿದಿದ್ದೆವು. ಮಳೆ ಹಿಡಿದಿದ್ದಾಗ ಒಂದು ಮುಂಜಾನೆ ಮಲ್ಲಣ್ಣ ಮಗ್ಗದ ಕುಣಿಯಲ್ಲಿ ಕಾಲಿಟ್ಟವನು ಬಟ್ಟೆಯ ಮೇಲೆ ಬಗ್ಗಿದ, ಏಳಲಿಲ್ಲ. ಸೀರೆ ಅರ್ಧವಾಗಿತ್ತು.

ಶರಣಪ್ಪನಿಗೆ ಸುದ್ದಿ ಮುಟ್ಟಿಸಿದೆವು. ಅವನು ಶಹಾಬಾದಿನಿಂದ ವಾಡಿಗೆ ಬಂದು, ಅಲ್ಲಿಂದ ಮುಂದೆ ರೈಲಿಲ್ಲದೆ ಹಳಿ ಹಿಡಿದು ಚಿತ್ತಾಪುರದ ಮೇಲೆ ನಡೆದೇ ಬಂದ. ಬರುವಾಗ ದಾರಿಯಲ್ಲಿ ಅಂಗಡಿ ತೆರೆದಿದ್ದ ಕಡೆ ತಾಯಿಗೆಂದು ಒಂದು ಗಿರಣಿ ಸೀರೆ ತಂದಿದ್ದ. ಅಪ್ಪನಿಗೆ ಹೊದಿಸಲು ಬಿಳಿ ಬಟ್ಟೆ ಎಲ್ಲಿಯೂ ಸಿಕ್ಕಿರಲಿಲ್ಲ. ನೇಕಾರನ ಹೆಣ ನೇಕಾರ ಓಣಿಯಲ್ಲಿ ಬಟ್ಟೆಯಿಲ್ಲದೆ ಕೂತಿತ್ತು.

"ಮಗ್ಗದ ಮ್ಯಾಲಿಂದೇ ಹೊದಸೋಣು" ಎಂದಳು ಗುರಮ್ಮ.

ಆಗ ನಾನು ಅಡ್ಡ ಬಂದೆ. "ತುದಿ ಬಿಟ್ಟು ಕೊಯ್ಯಿ ಅಕ್ಕಾ. ಶರಣಪ್ಪ ನಾಳೆ ಕುಂದ್ರತಾನ."

ಆಕೆ ಮಗನನ್ನು ನೋಡಿದಳು. "ಕುಂದ್ರತೀಯೇನು?"

"ಕುಂದ್ರತೀನವ್ವ, ನೂಲು ಬಂದಮ್ಯಾಲೆ ಬರ್ತೀನಿ" ಎಂದ ಹುಡುಗ. ಸುಳ್ಳು ಹೇಳುವವನಲ್ಲ, ಹಾಗೆಯೇ ಅಂದುಕೊಂಡಿದ್ದ.

"ಹಂಗಾದ್ರ ಈಗೊಂದು ಎಳಿ ಹರದದ, ಹುಡುಕಿ ಕೂಡಿಸು."

ಅವನು ಕುಣಿಯಲ್ಲಿ ಇಳಿದು ಕೂತ. ಹಾಸಿನ ಮೇಲೆ ಕೈಯಾಡಿಸಿದ. ಕಲ್ಲು ಹೊತ್ತು ಹೊತ್ತು ಅಂಗೈ ಬಿರುಕು ಬಿಟ್ಟಿತ್ತು, ಬೆರಳ ತುದಿ ಗಟ್ಟಿಯಾಗಿತ್ತು. ಹರಿದ ಎಳೆ ಅವನ ಕೈಗೆ ಹತ್ತಲಿಲ್ಲ. ಬಿರುಕಿಗೆ ಸಿಕ್ಕಿ ಹರಿಯದಿದ್ದ ಎಳೆಗಳೂ ಹರಿದವು. ಕೈ ಎತ್ತಿದರೆ ಇನ್ನೆರಡು. ಅವನು ಹೆದರಿ ಕೈಗಳನ್ನು ಮೇಲೆ ಹಿಡಿದುಕೊಂಡೇ ಕೂತ, ಕೆಳಗಿಳಿಸಲು ಗೊತ್ತಾಗದೆ. "ಮೆತ್ತಗಾಗ್ತಾವವ್ವ, ಎಣ್ಣಿ ಹಚ್ಚಿದರ ಮೆತ್ತಗಾಗ್ತಾವ" ಎಂದು ಅಳತೊಡಗಿದ.

"ಆಗ್ತಾವ ಮಗಾ" ಎಂದಳು ತಾಯಿ. ಅವನನ್ನು ಎಬ್ಬಿಸಿ ಹೊರಗೆ ಕಳಿಸಿದಳು. ಕತ್ತರಿ ತಂದು ನನ್ನ ಕೈಗಿತ್ತಳು. ನಾನು ಒಲ್ಲೆನೆಂದೆ. ಬದುಕೆಲ್ಲ ಕೂಡಿಸಿದ ಕೈಯಿಂದ ನನಗೆ ಆಗದು ಎಂದೆ. ಆಕೆ ಒತ್ತಾಯ ಮಾಡಲಿಲ್ಲ. ಹಣಿಗೆಯ ಈಚೆ ಅಲ್ಲ, ಆಚೆ, ಹಾಸಿನ ಬುಡದಲ್ಲಿ ಕತ್ತರಿ ಇಟ್ಟಳು. ತುದಿ ಬಿಡಲಿಲ್ಲ. ನೇಯ್ದ ಬಟ್ಟೆಯನ್ನು ಹಿಡಿದು ಎಳೆದಾಗ ಉಳಿದ ಎಳೆಗಳೆಲ್ಲ ಹಣಿಗೆಯಿಂದ ಸರಸರನೆ ಈಚೆ ಬಂದುಬಿಟ್ಟವು. ಒಂದು ದಿನವೆಲ್ಲ ನಾನು ಕೆಚ್ಚಿದ್ದು ಉಸಿರಾಡುವಷ್ಟರಲ್ಲಿ ಜಾರಿತು. ನನಗೆ ಆಕೆಯ ಮೇಲೆ ಬಂದಷ್ಟು ಸಿಟ್ಟು ಅತ್ತೆಯ ಮೇಲೂ ಬಂದಿರಲಿಲ್ಲ.

"ತುದಿ ಬಿಟ್ಟರ ಅಂವ ಅದಕ್ಕಂತ ತಿರುಗಿ ಬರ್ತಾನ ನೀಲಮ್ಮಾ" ಎಂದಳು. "ಬಂದು ಇವನಂಗ ಕುಂದ್ರತಾನ."

ಅರ್ಧ ಸೀರೆ, ಅರ್ಧ ಬಿಡಿ ಎಳೆ. ಅದನ್ನೇ ಹೊದಿಸಿದೆವು. ನಮ್ಮವರ ಪದ್ಧತಿಯಂತೆ ಮಣ್ಣಿನ ಗುಣಿಯಲ್ಲಿ ಹೆಣವನ್ನು ಕೂರಿಸಿದಾಗ ನೇಯದ ಕೆಂಪು ಎಳೆಗಳು ಅವನ ಮಂಡಿಯ ಮೇಲೆ ಚೆಲ್ಲಿಕೊಂಡಿದ್ದವು. ಶರಣಪ್ಪ ಮಣ್ಣು ಹಾಕುವ ಮೊದಲು ಅವನ್ನು ಒಟ್ಟು ಮಾಡಿ ಅಪ್ಪನ ಮಡಿಲಲ್ಲಿಟ್ಟ.

ಗದ್ದಲ ತಣ್ಣಗಾಗಿ ರೈಲು ಸರಿಯಾಗಿ ಓಡತೊಡಗಿದ ಮೇಲೆ ಮಗ ತಾಯಿಯನ್ನು ಶಹಾಬಾದಿಗೆ ಕರೆದೊಯ್ಯಲು ಬಂದ. ಸೇಡಂ ಸ್ಟೇಷನ್ನಿನ ತನಕ ನಾನೂ ಹೋದೆ. ಸಿಟ್ಟು ಇಳಿದಿರಲಿಲ್ಲ, ಹೋಗದಿರಲೂ ಆಗಲಿಲ್ಲ. ಗುರಮ್ಮ ಮಗ ತಂದ ಗಿರಣಿ ಸೀರೆ ಉಟ್ಟಿದ್ದಳು. ಶರಣಪ್ಪ ಟಿಕೆಟ್ ತರಲು ಹೋದಾಗ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನ ತುದಿ ಹಿಡಿದು, ನಮ್ಮವರು ಬಟ್ಟೆ ನೋಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಉಜ್ಜಿ ನೋಡಿದಳು.

"ಇದರ ಎಳಿ ಯಾರು ಕೆಚ್ಚಿರಬೇಕ ನೀಲಮ್ಮಾ?"

ಗಿರಣಿಯಲ್ಲಿ ಯಾರು ಕೆಚ್ಚುತ್ತಾರೋ, ಕೆಚ್ಚುವುದು ಉಂಟೋ ಇಲ್ಲವೋ, ನನಗೇನು ಗೊತ್ತು. "ಯಾರೋ ಒಬ್ಬಾಕಿ ಇರ್ತಾಳ ಬಿಡಕ್ಕಾ, ನನ್ನಂಥಾಕಿ" ಎಂದೆ.

ಆಕೆ ಇನ್ನೊಮ್ಮೆ ಬೆರಳಾಡಿಸಿದಳು. "ಛಲೋ ಕೆಚ್ಯಾಳ" ಎಂದು ಸೆರಗು ಹೊದ್ದುಕೊಂಡಳು.